ಗುಡುಗುದೇವರ ಬಳ್ಳಿಯ ಕೆಂಪು ತೊಗಟೆ

ನಮ್ಮ ಕಣಿವೆಯಲ್ಲಿ ಬಿದಿರಿನ ಎಳೆ ಕಳಲೆ ಮೊಳೆಯುವ ಹದಿನೈದು ದಿನ ಯಾವ ಮನೆಯ ಹೆಂಗಸಿನ ಕೈಯೂ ಬಿಡುವಾಗಿರುವುದಿಲ್ಲ. ಬೆಳಗಾಗುವುದರೊಳಗೆ ಅಂಗಳದಲ್ಲಿ ಕಳಲೆಯ ರಾಶಿ ಬೀಳುತ್ತದೆ. ಚಾಕುವಿನಿಂದ ಉದ್ದಕ್ಕೆ ಒಂದು ಗೀರು ಎಳೆದು, ಹೆಬ್ಬೆರಳು ತೂರಿಸಿ ತಿರುವಿದರೆ ಸಿಪ್ಪೆ ಒಂದೇ ಸಲಕ್ಕೆ ಕಳಚಿ ಬರುತ್ತದೆ. ನನ್ನ ಸೊಸೆ ಲಾನ್‌ಮೇ ಈ ಕೆಲಸದಲ್ಲಿ ಊರಿಗೇ ಮುಂದು. ಆ ವರ್ಷ ಮಾತ್ರ ಅವಳ ರಾಶಿ ಕರಗಲಿಲ್ಲ. ಚಾಕುವನ್ನು ಎರಡೂ ಕೈಯಲ್ಲಿ ಹಿಡಿದು, ಮಗುವಿನ ಹಾಗೆ ಕುಯ್ಯುತ್ತಿದ್ದಳು.

“ಕೈಗೆ ಏನಾಯ್ತಮ್ಮಾ?” ಎಂದು ಕೇಳಿದೆ.

“ಏನಿಲ್ಲ ಅಪ್ಪಾ. ಚಳಿಗೆ ಮರಗಟ್ಟಿದೆ.”

ಚಳಿ ಹೋಗಿ ತಿಂಗಳಾಗಿತ್ತು. ಆ ಕೈಗಳು ನನಗೆ ಗೊತ್ತಿದ್ದವು. ತೀರಿಕೊಂಡ ನನ್ನ ಹೆಂಡತಿ ಯುನ್‌ಶ್ಯಾಂಗಳ ಕೈಗಳೂ ಹೀಗೆಯೇ ಶುರುವಾಗಿದ್ದವು. ಬೆಳಿಗ್ಗೆ ಎದ್ದಾಗ ಎರಡೂ ಕೈಯ ಗೆಣ್ಣುಗಳು ಊದಿಕೊಂಡು ಬಿಸಿಯಾಗಿರುತ್ತಿದ್ದವು. ಬಿಸಿಲು ಎದುರು ಗೋಡೆಗೆ ಬರುವವರೆಗೆ ಬೆರಳು ಮಡಚಲು ಆಗುತ್ತಿರಲಿಲ್ಲ. ನಾನು ನೋಡಿದೆ, ಅರ್ಥಮಾಡಿಕೊಂಡೆ, ಸುಮ್ಮನಾದೆ. ಒಂದು ವರ್ಷದಿಂದ ಸುಮ್ಮನಿರುವುದೇ ನನ್ನ ಅಭ್ಯಾಸವಾಗಿತ್ತು.

ಮಂಗಳವಾರ ನಮ್ಮ ಹಳ್ಳಿಯ ಡಾಕ್ಟರಮ್ಮ ಪೆಂಗ್ ರೂಯಿನ್ ಮುದುಕರ ರಕ್ತದೊತ್ತಡ ನೋಡಲು ಬಂದಳು. ಅವಳು ಬಂದ ಸುದ್ದಿಯನ್ನು ಮನೆ ಕಾಯುವ ನಮ್ಮ ಹೆಬ್ಬಾತೇ ಮೊದಲು ಸಾರುತ್ತದೆ. ಗೇಟಿನ ಬಳಿಯಿಂದಲೇ ಕೂಗು ಕೇಳಿಸಿತು.

“ಲಾಯ್ ದೊಡ್ಡಪ್ಪಾ, ನಿಮ್ಮ ಈ ಹೆಬ್ಬಾತನ್ನ ಹಿಡ್ಕೊಳ್ಳಿ! ಹೋದ ವಾರ ಪ್ಯಾಂಟು ಹರೀತು. ಈ ವಾರ ಕಾಲೇ ಬೇಕಂತೆ ಅದಕ್ಕೆ.”

ಬಾತನ್ನು ಬುಟ್ಟಿಯೊಳಗೆ ಮುಚ್ಚಿದೆ. ಪೆಂಗ್ ಒಳಗೆ ಬಂದವಳು ನನ್ನ ತೋಳಿಗೆ ಪಟ್ಟಿ ಸುತ್ತುವ ಮೊದಲೇ ಲಾನ್‌ಮೇಯ ಕೈ ನೋಡಿದಳು.

“ಎಷ್ಟು ದಿನದಿಂದ?”

“ಹೊಸವರ್ಷದ ಹಬ್ಬ ಆದ್ಮೇಲಿಂದ.”

“ಎರಡೂ ಕೈಯಾ?”

“ಎರಡೂ. ಕಾಲ್ಬೆರಳೂ ಹಾಗೇ. ಊಟದ ಹೊತ್ತಿಗೆ ಸರಿಹೋಗುತ್ತೆ, ಬಿಡಿ.”

“ಸರಿಹೋಗಲ್ಲ. ಇದು ಸವೆದು ಬರೋ ನೋವಲ್ಲ, ಕೀಲುವಾತದ ಹಾಗೆ ಕಾಣ್ತಿದೆ. ಪಟ್ಟಣದ ಆಸ್ಪತ್ರೇಲಿ ರಕ್ತ ತೋರಿಸ್ಬೇಕು.”

ಲಾನ್‌ಮೇ ಕೈ ಎಳೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. “ಅಮ್ಮಂಗೂ ಅಲ್ಲೇ ತೋರಿಸಿದ್ದು. ಅಲ್ಲಿನ ಮಾತ್ರೆ ನುಂಗಿ ನುಂಗಿ ಹೋದ ವರ್ಷ ನಾಲ್ಕು ದಿನದಲ್ಲಿ ಹೋಗ್ಬಿಟ್ರು. ಊರೆಲ್ಲಾ ಗೊತ್ತು ಅದು.”

ಅವಳು ಅಮ್ಮ ಎಂದದ್ದು ನನ್ನ ಯುನ್‌ಶ್ಯಾಂಗಳನ್ನು. ಪೆಂಗ್ ನನ್ನ ಕಡೆ ತಿರುಗಿದಳು. “ಊರಿಗೆ ಗೊತ್ತಿರ್ಲಿ. ದೊಡ್ಡಪ್ಪಾ, ನೀವು ಏನ್ ಹೇಳ್ತೀರಿ?”

“ನಾನೇನು ಹೇಳಲಿ? ಅವಳ ಮೈ, ಅವಳ ಇಷ್ಟ,” ಎಂದು ನಾನು ಕಳಲೆಯ ಸಿಪ್ಪೆ ಗುಡಿಸತೊಡಗಿದೆ.

ಪೆಂಗ್ ಹೋಗಲಿಲ್ಲ. ಮಣೆ ಎಳೆದುಕೊಂಡು ಲಾನ್‌ಮೇಯ ಎದುರು ಕುಳಿತು, ತಾನೂ ಒಂದು ಕಳಲೆ ಎತ್ತಿಕೊಂಡಳು.

“ನೋಡು, ನಿನ್ನ ಮೈಯೊಳಗೂ ಹೆಬ್ಬಾತುಗಳಿವೆ. ರಕ್ತದಲ್ಲಿರೋ ಬಿಳಿ ಕಣಗಳು. ಶೀತ, ಜ್ವರ ಅಂತ ಕಳ್ಳರು ಒಳಗೆ ಬಂದ್ರೆ ಅಟ್ಟಿಸ್ಕೊಂಡು ಹೋಗೋದು ಅವುಗಳ ಕೆಲಸ. ಈ ಕಾಯಿಲೇಲಿ ಅವಕ್ಕೆ ತಲೆ ಕೆಡುತ್ತೆ. ನಿನ್ನ ಗೆಣ್ಣನ್ನೇ ಕಳ್ಳ ಅಂದ್ಕೊಂಡು ಕಚ್ತಾವೆ. ಒಂದು ಕೂಗಿದ್ರೆ ಹತ್ತು ಬಂದು ಸೇರ್ಕೊಳ್ತಾವೆ. ಅದಕ್ಕೇ ಊತ, ಅದಕ್ಕೇ ನೋವು.”

“ಮನೆಯೋರ್ನೇ ಕಚ್ಚೋ ಬಾತನ್ನ ನಾವು ಕುತ್ತಿಗೆ ತಿರುವಿ ಸಾರು ಮಾಡ್ತೀವಿ,” ಎಂದಳು ಲಾನ್‌ಮೇ.

“ಎಲ್ಲಾನೂ ಸಾರು ಮಾಡ್ಕೊಂಡು ಉಂಡ್ರೆ ಆಮೇಲೆ ಕಳ್ಳ ಬಂದಾಗ ಯಾರು ಕೂಗ್ತಾರೆ? ಕೊಲ್ಲಬಾರದು, ಕೂಗು ತಗ್ಗಿಸ್ಬೇಕು. ಅಂಥ ಔಷಧಿಗಳಿವೆ. ಕೆಲವನ್ನ ಗಿಡದಿಂದ್ಲೇ ತೆಗೀತಾರೆ. ನಿಮ್ಮ ಅಮ್ಮಂಗೆ ಕೊಟ್ಟಿದ್ದೂ ಅಂಥದ್ದೇ, ಗುಡುಗುದೇವರ ಬಳ್ಳಿಯಿಂದ ತೆಗೆದದ್ದು.”

ಲಾನ್‌ಮೇಯ ಚಾಕು ನಿಂತಿತು.

ಆ ಬಳ್ಳಿ ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಬೇಕಾದಷ್ಟಿದೆ. ಅದರ ಎಲೆಯನ್ನು ಬಾಯಿಗೆ ಹಾಕಬೇಡಿರೆಂದು ಮಕ್ಕಳಿಗೆ ಮಾತು ಬರುವ ಮೊದಲೇ ಹೇಳಿಕೊಡುತ್ತೇವೆ. ಅದು ಹೂಬಿಡುವ ತಿಂಗಳು ಜೇನು ಸಾಕುವವರು ಗೂಡಿನಿಂದ ಜೇನು ತೆಗೆಯುವುದಿಲ್ಲ. ಅದರ ಬೇರಿನ ತೊಗಟೆಯನ್ನು ಪುಡಿಮಾಡಿ ಕೋಸಿನ ಮೇಲೆ ಎರಚಿದರೆ ಹುಳುಗಳು ಸಂಜೆಯೊಳಗೆ ಉದುರುತ್ತವೆ.

“ಕೋಸಿನ ಹುಳ ಕೊಲ್ಲೋ ಬಳ್ಳೀನಾ? ಅದನ್ನ ಮಾತ್ರೆ ಮಾಡಿ ಮನುಷ್ಯರಿಗೆ ಕೊಡ್ತೀರಾ?” ಎಂದಳು ಲಾನ್‌ಮೇ. “ಅಪ್ಪಾ, ಕೇಳಿಸ್ಕೊಂಡ್ರಾ? ಇನ್ನೇನು ಬೇಕು!”

“ವಿಷಾನೂ ಅದ್ರಲ್ಲೇ ಇದೆ, ಮದ್ದೂ ಅದ್ರಲ್ಲೇ ಇದೆ,” ಎಂದಳು ಪೆಂಗ್. “ಎರಡಕ್ಕೂ ನಡುವೆ ಇರೋ ಅಂತರ ಬಹಳ ಸಣ್ಣದು. ಅದಕ್ಕೇ ಅಳೆದು ಕೊಡ್ತಾರೆ. ಪ್ರತಿ ತಿಂಗಳೂ ರಕ್ತ ನೋಡ್ತಾರೆ. ಬಿಳಿ ಕಣ ತೀರಾ ಇಳಿದಿದ್ಯಾ, ಪಿತ್ತಜನಕಾಂಗ, ಮೂತ್ರಪಿಂಡ ಸರಿ ಇದ್ಯಾ ಅಂತ. ಅಂದ್ಹಾಗೆ, ಇನ್ನೊಂದು ಮಗು ಬೇಕು ಅಂತಿದ್ಯಾ?”

“ಅದು ನಿಮಗ್ಯಾಕೆ?”

“ಬೇಕು ಅಂತಿದ್ರೆ ಈ ಬಳ್ಳಿ ಮಾತ್ರೆ ನಿನಗೆ ಬರೆಯಲ್ಲ. ಮುಟ್ಟು ನಿಂತುಹೋಗ್ಬೋದು, ಹೊಟ್ಟೇಲಿರೋ ಮಗೂಗೂ ಆಗಲ್ಲ. ಅರವತ್ತು ದಾಟಿದ ಅಮ್ಮಂಗೆ ಕೊಟ್ಟದ್ದನ್ನ ಮೂವತ್ತಮೂರರ ನಿನಗೆ ಕೊಡೋಕಾಗಲ್ಲ. ನಿನಗೆ ಬೇರೆ ಇದೆ.”

ಲಾನ್‌ಮೇ ಇನ್ನೊಂದು ಕಳಲೆ ಎತ್ತಿಕೊಂಡಳು. ಅವಳಿಗೆ ಆರು ವರ್ಷದ ಒಬ್ಬಳೇ ಮಗಳು. ಇನ್ನೊಂದು ಮಗುವಿಗಾಗಿ ಅವಳು ಎರಡು ವರ್ಷದಿಂದ ಕರುಣಾದೇವಿ ಗ್ವಾನ್‌ಯಿನ್‌ಗೆ ದೀಪ ಹಚ್ಚುತ್ತಿದ್ದಳು. ಪೆಂಗ್ ಆಡಿದ ಮಾತಿನಲ್ಲಿ ಅವಳ ಕಿವಿಗೆ ಹೋದದ್ದು ಅರ್ಧ ಮಾತ್ರ: ಆಸ್ಪತ್ರೆಗೆ ಹೋದರೆ ಮಗುವಿಗೆ ಕುತ್ತು.

ಪೆಂಗ್‌ಳನ್ನು ಗೇಟಿನವರೆಗೆ ಬಿಡಲು ಹೋದೆ. ಅವಳು ಸ್ಕೂಟರಿನ ಮೇಲೆ ಕೈಯಿಟ್ಟು ನಿಂತು ಮೆಲ್ಲಗೆ ಕೇಳಿದಳು.

“ದೊಡ್ಡಪ್ಪಾ, ದೊಡ್ಡಮ್ಮ ಹೋಗೋಕೆ ಮೂರು ವಾರ ಮುಂಚೆ ಅವರ ರಕ್ತ ಪರೀಕ್ಷೆ ಆಗಿತ್ತು. ಎಲ್ಲಾ ಸರಿ ಇತ್ತು. ಕಾಗದ ನಾನೇ ನೋಡಿದ್ದೆ. ಅಷ್ಟು ಬೇಗ ಹಾಗಾಗಲ್ಲ. ಅವರು ಬೇರೆ ಏನಾದ್ರೂ ತಗೊಂಡಿದ್ರಾ?”

“ನಿಮ್ಮ ಆಸ್ಪತ್ರೆಯೋರ್ನ ಕಾಪಾಡ್ಕೊಳ್ಳೋಕೆ ನನ್ನ ಹತ್ರ ಬಂದ್ಯಾ?” ಎಂದೆ. “ನಿನ್ನ ಕೆಲಸ ರಕ್ತದೊತ್ತಡ ನೋಡೋದು. ನೋಡಿ ಆಯ್ತು, ಹೊರಡು.”

ಅವಳು ಹೊರಟಳು. ಗೇಟಿನ ಅಗುಳಿ ಹಾಕಿದೆ. ಇವಳಿಗೆ ಗೊತ್ತು, ಎಂದುಕೊಂಡೆ. ಅಂದಿನಿಂದ ಎದುರು ಬಂದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸತೊಡಗಿತು. ಅಂಗಡಿಯಲ್ಲಿ ಇಬ್ಬರು ಮಾತು ನಿಲ್ಲಿಸಿದರೆ ಅದು ನನ್ನ ಮಾತೇ ಎನ್ನಿಸಿತು. ದಿನವೂ ಬೆಳಿಗ್ಗೆ ಗ್ವಾನ್‌ಯಿನ್ ತಾಯಿಗೆ ಮೂರು ಊದಿನಕಡ್ಡಿ ಹಚ್ಚಿ, ಪಕ್ಕದಲ್ಲಿರುವ ಯುನ್‌ಶ್ಯಾಂಗಳ ಫೋಟೋದ ಮುಂದೆ ಒಂದು ಬಟ್ಟಲು ಚಹಾ ಇಡುತ್ತೇನೆ. ಕೈ ಮುಗಿಯುತ್ತಿದ್ದೆ, ಆದರೆ ಆ ಒಂದು ವರ್ಷ ಫೋಟೋದ ಮುಖವನ್ನು ನೇರವಾಗಿ ನೋಡಿರಲಿಲ್ಲ.

ಸಮಾಧಿ ಗುಡಿಸುವ ಹಬ್ಬ ಬಂತು. ಯುನ್‌ಶ್ಯಾಂಗ್ ಹೋದ ಮೇಲೆ ಅದು ಮೊದಲನೆಯದು. ನನ್ನ ಮಗ, ಲಾನ್‌ಮೇಯ ಗಂಡ ಹಾನ್‌ವೆನ್, ಮರ ಸಾಗಿಸುವ ಲಾರಿಯ ಕೆಲಸಕ್ಕೆ ರಜೆ ಹಾಕಿ ಬಂದಿದ್ದ. ನನ್ನ ಹೆಂಡತಿಯ ಅಕ್ಕ ಬಾವ್‌ಚಿನ್ ಅತ್ತಿಗೆ ಎರಡು ಕಣಿವೆ ದಾಟಿ, ಸೊಪ್ಪಿನ ಹಸಿರು ಕಡುಬು ಹೊತ್ತುಕೊಂಡು ಬಂದಿದ್ದಳು. ಎಪ್ಪತ್ತಾದರೂ ಅವಳ ದನಿ ಎದುರು ಗುಡ್ಡಕ್ಕೆ ಕೇಳುತ್ತದೆ. ತಂಗಿಯನ್ನು ಕೊಂದದ್ದು ಆಸ್ಪತ್ರೆಯ ಮಾತ್ರೆ ಎಂದು ಈ ಒಂದು ವರ್ಷ ಸಂತೆಯಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದವಳು ಅವಳೇ.

ಸಮಾಧಿಯ ಮೇಲಿನ ಹುಲ್ಲು ಕಿತ್ತೆವು. ಕಡುಬು, ಬೇಯಿಸಿದ ಕೋಳಿ, ಮೂರು ಬಟ್ಟಲು ಅಕ್ಕಿಯ ಹೆಂಡ ಇಟ್ಟೆವು. ಲಾನ್‌ಮೇ ನಮಸ್ಕಾರಕ್ಕೆ ಬಾಗಿದವಳು ಎದ್ದು ಬಿದಿರಿನ ಮರೆಗೆ ಓಡಿದಳು. ವಾಂತಿಯ ಸದ್ದು ಕೇಳಿಸಿತು.

ಬಾವ್‌ಚಿನ್‌ಳ ಮುಖ ಅರಳಿತು. “ಏ ಹಾನ್‌ವೆನ್, ನಿಂತು ಏನ್ ನೋಡ್ತೀಯೋ ಪೆದ್ದಾ? ನೀರು ಕೊಡು ಹೋಗು. ಯುನ್‌ಶ್ಯಾಂಗ್, ಕೇಳಿಸ್ತೇನೇ? ನಿನಗೆ ಮೊಮ್ಮಗು ಬರ್ತಿದೆ ಕಣೇ!”

ಮಗ ನಕ್ಕ. ಲಾನ್‌ಮೇ ಬಾಯಿ ಒರೆಸಿಕೊಂಡು ಬಂದಳು. ಅವಳ ಮುಖ ಬಿಳಿಚಿತ್ತು. ಆದರೂ ಕಣ್ಣಿನಲ್ಲಿ ಆಸೆ ಇತ್ತು. “ಇರಬೋದು ದೊಡ್ಡಮ್ಮ. ನಿನ್ನೆಯಿಂದ ಹೀಗೇ. ಹೊಟ್ಟೇನೂ ಕೆಟ್ಟಿದೆ.”

ಅಲ್ಲಿ ನಗದವನು ನಾನೊಬ್ಬನೇ. ವಾಂತಿ, ಜೊತೆಗೆ ಭೇದಿ. ನಾನು ಇವೆರಡನ್ನೂ ಒಟ್ಟಿಗೆ ಹಿಂದೊಮ್ಮೆ ನೋಡಿದ್ದೆ.

“ನಿನ್ನೆಯಿಂದ ಏನ್ ತಿಂದೆ?” ಎಂದು ಕೇಳಿದೆ.

“ನೀವು ತಿಂದದ್ದೇ ಅಪ್ಪಾ.”

“ಬೇರೆ ಏನು?”

ಲಾನ್‌ಮೇ ಬಾವ್‌ಚಿನ್ ಕಡೆ ನೋಡಿದಳು. ಆ ನೋಟ ಸಾಕಾಯಿತು.

“ಅತ್ತಿಗೆ, ಏನ್ ಕೊಟ್ಟೆ ಅವಳಿಗೆ?”

“ಯಾಕೋ ಹಾಗೆ ಕೂಗ್ತೀಯಾ ಸಮಾಧಿ ಮುಂದೆ? ಕೈ ನೋವು ಅಂತ ಫೋನ್ ಮಾಡಿದ್ಲು, ಬೇರು ನೆನೆಸಿದ ಹೆಂಡ ಕೊಟ್ಟೆ. ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು. ಆಸ್ಪತ್ರೆ ಮಾತ್ರೆಗಿಂತ ಇದೇ ವಾಸಿ ಅಂತ ಮೊನ್ನೆ ನಾನೇ ಕಳಿಸಿದ್ದು. ನಿನಗೆ ಹಳೇದೆಲ್ಲ ನೆನಪಾಗುತ್ತೆ, ನಿನಗೆ ಹೇಳ್ಬೇಡ ಅಂತ ನಾನೇ ಅಂದೆ.”

“ಗುಡುಗುದೇವರ ಬಳ್ಳಿದಾ?”

“ಇನ್ಯಾವುದು? ಹೆದರ್ತಾಳೆ ಅಂತ ಅವಳಿಗೆ ಯಾವ ಬೇರು ಅಂತ ಹೇಳ್ಲಿಲ್ಲ ಅಷ್ಟೆ. ಯುನ್‌ಶ್ಯಾಂಗ್ ಕೂಡ ಅದನ್ನೇ ಸುಲಿದು ಕುದಿಸಿ ಕುಡೀತಿದ್ಲು, ಇವಳು ಸೊಸೆಯಾಗಿ ಬರೋಕೆ ಮುಂಚೆ, ಆಸ್ಪತ್ರೆಗೆ ಕಾಲಿಡೋಕೂ ಮುಂಚೆ. ನಾನೂ ಸುಲಿದಿದೀನಿ. ಮೇಲಿನ ಸಿಪ್ಪೆ ಎಲ್ಲಾ ತೆಗ್ದಿದೀನಿ.”

“ಒಳಗಿನ ಕೆಂಪು ತೊಗಟೆ?”

“ಒಳಗಿಂದಾ?” ಬಾವ್‌ಚಿನ್ ಹುಬ್ಬು ಗಂಟಿಕ್ಕಿದಳು. “ಅದು ಮರಕ್ಕೆ ಅಂಟಿರುತ್ತಲ್ಲೋ. ಬರುತ್ತಾ ಅದು?”

ಆ ಬೇರಿಗೆ ಎರಡು ತೊಗಟೆ. ಮೇಲಿನದು ಒರಟು, ಕೈಯಲ್ಲೇ ಕಳಚುತ್ತದೆ. ಒಳಗಿನದು ಕೆಂಪು, ತೆಳ್ಳಗೆ ಮರದ ಸಂದುಸಂದಿನಲ್ಲಿ ಹೊಕ್ಕಿರುತ್ತದೆ. ವಿಷದ ಮುಖ್ಯಭಾಗ ಇರುವುದು ಅಲ್ಲಿ. ಯುನ್‌ಶ್ಯಾಂಗ್ ಒಂದು ಬೇರಿಗೆ ಮೂರು ಬೆಳಗು ಕುಳಿತು, ಸೂಜಿಮೊನೆಯಿಂದ ಸಂದುಗಳನ್ನು ಕೆರೆಯುತ್ತಿದ್ದಳು. ಇಷ್ಟು ಮಾಡಿದರೂ ಅದು ಅಪಾಯವೇ ಎಂದು ಆಸ್ಪತ್ರೆಯಲ್ಲಿ ಹೇಳಿದ ದಿನವೇ ಅವಳು ಕುದಿಸುವುದನ್ನು ಬಿಟ್ಟು ಮಾತ್ರೆ ಹಿಡಿದಿದ್ದಳು.

ಆಗ ನಾನು ಬಾಯಿ ತೆರೆದೆ.

“ಹಾನ್‌ವೆನ್, ಪೆಂಗ್‌ಗೆ ಫೋನ್ ಮಾಡು. ಗಾಡಿ ತರೋಕೆ ಹೇಳು. ಇದು ಬಸಿರಲ್ಲ, ವಿಷ. ಇದನ್ನೇ ನಿಮ್ಮಮ್ಮಂಗೆ ಕುಡಿಸಿ ನಾನು ಕೊಂದೆ.”

ಹಾನ್‌ವೆನ್ ಫೋನ್ ಮಾಡಿ ಮುಗಿಸಿದ. ನಾನು ಸಮಾಧಿಯ ಕಲ್ಲು ನೋಡಿಕೊಂಡು ಹೇಳಿದೆ. ಹೋದ ವರ್ಷ ಚಹಾ ಕೀಳುವ ದಿನಗಳಲ್ಲಿ ಅವಳ ಮಾತ್ರೆ ಮುಗಿದಿತ್ತು. ಪಟ್ಟಣಕ್ಕೆ ಹೋಗಿ ಬಂದರೆ ಒಂದು ದಿನ ಹಾಳು. ಮಾತ್ರೆಯೂ ಇದೇ ಬಳ್ಳಿ, ಬಳ್ಳಿ ಮನೆಯ ಹಿಂದೆಯೇ ಇದೆ, ಏನು ವ್ಯತ್ಯಾಸ ಎಂದು ನಾನೇ ಬೇರು ಅಗೆದೆ. ಮೇಲಿನ ಸಿಪ್ಪೆ ಸುಲಿದೆ. ಕೆಂಪು ಕಂಡಿತು. ಸಾಕು ಎಂದು ಹೆಂಡಕ್ಕೆ ಹಾಕಿದೆ. ಸುಲಿದಿರಾ ಎಂದು ಅವಳು ಕೇಳಿದಳು. ಪೂರ್ತಿ ಸುಲಿದಿದ್ದೇನೆ ಎಂದೆ. ಅವಳು ನಂಬಿ ಕುಡಿದಳು.

“ಆಸ್ಪತ್ರೇಲಿ ಡಾಕ್ಟರು ಕೇಳಿದ್ರು, ಬೇರೆ ಏನಾದ್ರೂ ಕೊಟ್ರಾ ಅಂತ. ಇಲ್ಲ, ನಿಮ್ಮ ಮಾತ್ರೆ ಬಿಟ್ಟು ಏನೂ ಇಲ್ಲ ಅಂದೆ. ಎರಡು ಸಲ ಕೇಳಿದ್ರು. ಎರಡು ಸಲಾನೂ ಅಂದೆ.”

ಬಾವ್‌ಚಿನ್ ಕೈಯಲ್ಲಿದ್ದ ಬಿದಿರಿನ ಪೊರಕೆ ನನ್ನ ಬೆನ್ನಿಗೆ ಬಿತ್ತು. ಒಮ್ಮೆ ಹೊಡೆದು, ಪೊರಕೆ ಬಿಟ್ಟು, ಅಲ್ಲೇ ನೆಲದ ಮೇಲೆ ಕುಳಿತಳು.

“ಒಂದು ವರ್ಷ ನನ್ನ ಬಾಯಲ್ಲಿ ಊರಿಗೆಲ್ಲಾ ಸುಳ್ಳು ಹೇಳಿಸಿದ್ಯಲ್ಲೋ,” ಎಂದಳು. “ಆ ಸುಳ್ಳು ನಂಬಿ ನಾನೇ ಈ ಮಗೂಗೆ ವಿಷ ಕೊಟ್ಟೆನಲ್ಲೋ.”

ಲಾನ್‌ಮೇ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದ ಕೈಯನ್ನು ಮೆಲ್ಲಗೆ ತೆಗೆದಳು.

ಪೆಂಗ್ ಗಾಡಿ ತಂದಳು. ದಾರಿಯಲ್ಲಿ ಮನೆ ಮುಂದೆ ನಿಲ್ಲಿಸಿ ಹೆಂಡದ ಜಾಡಿಯನ್ನೂ ಹಾಕಿಕೊಂಡೆವು. “ಅದನ್ನ ಚೆಲ್ಲಬೇಡಿ, ಡಾಕ್ಟರು ನೋಡ್ಬೇಕು,” ಎಂದಳು ಪೆಂಗ್. ನಾನು ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಗಾಜಿನ ಒಳಗೆ ಬೇರಿನ ತುಂಡುಗಳ ಸಂದಿನಲ್ಲಿ ಕೆಂಪು ಕಾಣುತ್ತಿತ್ತು.

ಅದೇ ಆಸ್ಪತ್ರೆ. ಅದೇ ಓಣಿ, ಅದೇ ಹಸಿರು ಬೆಂಚು. ಈ ಸಲದ ಡಾಕ್ಟರು ಬೇರೆ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆದರೆ ಕೇಳಿದ್ದು ಅದೇ ಮಾತು.

“ಅಜ್ಜಾ, ಇವರು ಬೇರೆ ಏನಾದ್ರೂ ತಗೊಂಡಿದ್ರಾ?”

ನಾನು ಜಾಡಿಯನ್ನು ಮುಂದೆ ಚಾಚಿದೆ. “ಗುಡುಗುದೇವರ ಬಳ್ಳಿ. ಒಳತೊಗಟೆ ಸುಲಿದಿಲ್ಲ. ಮೂರು ದಿನ. ದಿನಕ್ಕೆ ಎರಡು ಬಟ್ಟಲು. ಇವತ್ತು ಬೆಳಿಗ್ಗೇನೂ ಒಂದು.”

ಅವಳು ಜಾಡಿ ನೋಡಿದಳು, ನನ್ನನ್ನು ನೋಡಿದಳು, ಓಡಿದಳು. ಹೊಟ್ಟೆ ತೊಳೆದರು. ಸಲೈನ್ ಹಾಕಿದರು. ಎಷ್ಟು ಮೂತ್ರ ಬಂತೆಂದು ಗಂಟೆಗೊಮ್ಮೆ ಅಳೆದರು. ಯುನ್‌ಶ್ಯಾಂಗಳಿಗೆ ಮೂತ್ರ ನಿಂತದ್ದು ಮೂರನೆಯ ದಿನ. ಲಾನ್‌ಮೇಗೆ ಆ ಮೂರನೆಯ ದಿನ ಬಂತು, ಕಳೆಯಿತು. ಮೂತ್ರ ನಿಲ್ಲಲಿಲ್ಲ. ಅಂದು ಆ ಬೆಂಚಿನ ಮೇಲೆ ನಾನು ಅತ್ತೆ. ಯಾರಿಗಾಗಿ ಎಂದು ಬೇರೆ ಹೇಳಬೇಕಿಲ್ಲ.

ಹೊಟ್ಟೆಯಲ್ಲಿ ಮಗು ಇರಲಿಲ್ಲ. ಹತ್ತನೆಯ ದಿನ ಅವಳನ್ನು ಮನೆಗೆ ಕರೆತಂದೆವು. ಆಮೇಲೆ ಮೈ ಸುಧಾರಿಸಿದ ಮೇಲೆ ಅವಳ ಕೀಲುವಾತಕ್ಕೆ ಡಾಕ್ಟರು ಬೇರೆ ಮಾತ್ರೆ ಬರೆದರು, ಬಳ್ಳಿಯದಲ್ಲ. ಮಗು ಬೇಕೆಂದಾಗ ಮೊದಲೇ ಬಂದು ಹೇಳಬೇಕು, ಆಗ ಔಷಧಿ ಬದಲಿಸುವುದೋ ನಿಲ್ಲಿಸುವುದೋ ನೋಡೋಣ ಎಂದರು. ಮೊದಲ ದಿನ ಲಾನ್‌ಮೇ ಆ ಮಾತ್ರೆಯನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

“ಇದರಲ್ಲಿ ಏನಿದೆ ಅಂತ ನಿಜವಾಗ್ಲೂ ನಿಮಗೆ ಗೊತ್ತಾ?” ಎಂದು ಪೆಂಗ್‌ಳನ್ನು ಕೇಳಿದಳು.

“ಗೊತ್ತು. ಎಷ್ಟಿದೆ ಅನ್ನೋದೂ ಗೊತ್ತು. ಜಾಡೀಲಿ ಎಷ್ಟಿತ್ತು ಅಂತ ಯಾರಿಗೆ ಗೊತ್ತಿತ್ತು ಹೇಳು?”

“ನಾನು ರಕ್ತ ಪರೀಕ್ಷೆಗೆ ಬಂದಾಗೆಲ್ಲಾ ಕಾಗದ ತೋರಿಸ್ಬೇಕು. ಓದಿ ಹೇಳ್ಬೇಕು.”

“ಕೇಳು, ಇನ್ನೂ ಕೇಳು. ಅನುಮಾನ ಇರೋರೇ ನನಗೆ ಬೇಕು. ಅನುಮಾನ ಇಟ್ಕೊಂಡು ಸುಮ್ಮನಿರೋರು ಬೇಡ,” ಎಂದು ಪೆಂಗ್ ನಗುತ್ತ ಎದ್ದಳು. ಬುಟ್ಟಿಯಿಂದ ತಪ್ಪಿಸಿಕೊಂಡಿದ್ದ ಬಾತು ಅವಳನ್ನು ಗೇಟಿನವರೆಗೂ ಅಟ್ಟಿಸಿಕೊಂಡು ಹೋಯಿತು.

ಬಾವ್‌ಚಿನ್ ಅತ್ತಿಗೆ ಬೇಸಿಗೆ ಪೂರ್ತಿ ನನ್ನ ಮನೆಗೆ ಬರಲಿಲ್ಲ. ಆದರೆ ತಾನು ಹಿಂದೆ ಮಾತಾಡಿದ ಸಂತೆ, ಮದುವೆಮನೆ, ಬಸ್ಸುಗಳಲ್ಲೆಲ್ಲ ನಿಂತು, ನನ್ನ ತಂಗಿಯನ್ನು ಕೊಂದದ್ದು ಮಾತ್ರೆಯಲ್ಲ, ಮನೆಯ ಹೆಂಡ ಎಂದು ಹೇಳಿದಳಂತೆ. ನನ್ನ ಹೆಸರನ್ನೂ ಹೇಳಿದಳಂತೆ. ಹೇಳಲಿ. ಮಗ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾನೆ. ಅದೂ ಸರಿಯೇ. ದಿನವೂ ಬೆಳಿಗ್ಗೆ ಯುನ್‌ಶ್ಯಾಂಗಳಿಗೆ ಚಹಾ ಇಡುವಾಗ ನಾನೀಗ ಅವಳ ಮುಖ ನೋಡುತ್ತೇನೆ. ಸುಲಿದಿರಲಿಲ್ಲ ಕಣೇ, ಎನ್ನುತ್ತೇನೆ. ಅವಳು ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯದು. ಗ್ವಾನ್‌ಯಿನ್ ತಾಯಿಗೆ ತಿಳಿದಿರಬಹುದು.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನಿಮ್ಮ ಊರಿನಲ್ಲಿ ಈ ಬಳ್ಳಿ ಇಲ್ಲದಿರಬಹುದು. ಆದರೆ ಬೇರೆ ಯಾವುದೋ ಬೇರು, ಯಾವುದೋ ಕಷಾಯ, ಯಾರೋ ಪ್ರೀತಿಯಿಂದ ಕೊಟ್ಟ ಜಾಡಿ ಇದ್ದೇ ಇರುತ್ತದೆ. ಬೆಳಿಗ್ಗೆ ಎರಡೂ ಕೈಯ ಗೆಣ್ಣು ಊದಿ, ಗಂಟೆಗಟ್ಟಲೆ ಬೆರಳು ಮಡಚಲು ಬಾರದಿದ್ದರೆ ಮುಚ್ಚಿಡಬೇಡಿ, ಆಸ್ಪತ್ರೆಗೆ ಹೋಗಿ. ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ಸೌಮ್ಯವೆಂದು ನಂಬಬೇಡಿ. ಮೈಯ ಕಾವಲನ್ನೇ ಅಡಗಿಸುವ ಶಕ್ತಿಯುಳ್ಳದ್ದು ಮೈಯನ್ನೂ ಅಡಗಿಸೀತು. ಮಾತ್ರೆ ಮುಗಿದರೆ ಮತ್ತೆ ಆಸ್ಪತ್ರೆಗೇ ಹೋಗಿ, ಗುಡ್ಡಕ್ಕಲ್ಲ. ಹೊಟ್ಟೆಯಲ್ಲಿ ಮಗುವಿದ್ದರೆ, ಮಗು ಬೇಕೆಂದಿದ್ದರೆ, ಮೊದಲು ಅದನ್ನು ಹೇಳಿ. ಅನುಮಾನ ಬಂದರೆ ಕೇಳಿ. ವೈದ್ಯರನ್ನು ಕೇಳಿ, ನೆರೆಯವರನ್ನೂ ಕೇಳಿ, ನನ್ನಂಥ ಮುದುಕರನ್ನಂತೂ ಎರಡು ಸಲ ಕೇಳಿ.

ಮತ್ತು ವೈದ್ಯರು ನಿಮ್ಮನ್ನು, ಬೇರೆ ಏನಾದರೂ ಕೊಟ್ಟಿರಾ ಎಂದು ಕೇಳಿದಾಗ ನಾಚಿಕೆಯನ್ನು ಬೆಂಚಿನ ಮೇಲೆ ಬಿಟ್ಟು ಎದ್ದು ನಿಂತು ಹೇಳಿಬಿಡಿ. ಅವರು ಕೇಳುವುದು ನಿಮ್ಮ ತಪ್ಪು ಹಿಡಿಯಲು ಅಲ್ಲ.

ಈ ವರ್ಷದ ಕಳಲೆ ಬಂದಿದೆ. ಲಾನ್‌ಮೇ ಅಂಗಳದಲ್ಲಿ ಕುಳಿತು ಸುಲಿಯುತ್ತಿದ್ದಾಳೆ. ಬಿಸಿಲು ಇನ್ನೂ ಗೋಡೆಗೆ ಬಂದಿಲ್ಲ. ಚಾಕು ಅವಳ ಒಂದೇ ಕೈಯಲ್ಲಿದೆ.